ಎರಡು ಗ್ರಾಂ ಹೆಚ್ಚು

ಏಳನೆಯ ಸಂಪುಟ ಎರಡು ಗ್ರಾಂ ಹೆಚ್ಚು ತೂಗಿತು.

ಇನ್ಸ್‌ಪೆಕ್ಟರು ಅದನ್ನು ತಕ್ಕಡಿಯಿಂದ ಇಳಿಸಿ ಮತ್ತೊಮ್ಮೆ ಇಟ್ಟು ನೋಡಿದರು. ಅದೇ ಎರಡು ಗ್ರಾಂ. ಕಾಗದಕ್ಕೆ ಥಂಡಿ ಹಿಡಿದಿದೆಯೇ ಎಂದು ತಿಂಗಳಿಗೊಮ್ಮೆ ಪುಸ್ತಕಗಳನ್ನು ತೂಗುವುದು ಅವರ ಪದ್ಧತಿ. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರು. ಆದರೆ ತೂಕ-ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಯವರ ಬೆವರಿಳಿಸಿದ ಮನುಷ್ಯನಿಗೆ ಎರಡು ಗ್ರಾಂ ಎಂದರೆ ಅಪರಾಧವೇ. ಪುಟ ಬಿಡಿಸಿದರು. ನಡುವೆ ನಾಲ್ಕಾರು ಮಡಿಕೆಯಾಗಿ ಹೊಸೆದ ಹಳದಿ ಉಣ್ಣೆಯ ಎಳೆಯೊಂದು ಮಲಗಿತ್ತು.

ಆ ಮನೆಯಲ್ಲಿ ಹಳದಿ ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದವರು ಒಬ್ಬರೇ. ಅತ್ತೆ.

ಕಬ್ಬಿಣದ ಬೀರುವಿನಲ್ಲಿ ಅಂಥ ಅರವತ್ತಮೂರು ಪುಸ್ತಕಗಳಿದ್ದವು. ಪ್ರತಿಯೊಂದಕ್ಕೂ ದಪ್ಪ ಕಂದು ಕಾಗದದ ಹೊದಿಕೆ. ಕಚೇರಿಯ ಕಡತದಂತೆಯೇ ಕಾಣಲಿ ಎಂದು ಪುಸ್ತಕದ ಬೆನ್ನು ಎಡಕ್ಕೆ ಬರುವಂತೆ ಇಟ್ಟು, ಮೇಲೆ ದುಂಡಗೆ ಬರೆದ ಹಣೆಪಟ್ಟಿ: ‘ತಕ್ಕಡಿ ಪರೀಕ್ಷಾ ವರದಿ’. ಒಳಗಿದ್ದದ್ದು ಮಂಗಾ, ಜಪಾನಿನ ಚಿತ್ರಕಥೆಗಳು. ಅದರಲ್ಲೂ ಇಬ್ಬರು ಗಂಡಸರು ಪರಸ್ಪರ ಮನಸೋಲುವ ಕಥೆಗಳು ಮಾತ್ರ, ಸಂಪುಟಕ್ಕೊಂದು ಪೂರ್ತಿ ಕಥೆ. ಹಡಗಿನಲ್ಲಿ ಮೂರು ಮೂರು ತಿಂಗಳು ತೇಲಿಕೊಂಡು ಬಂದವು. ಅವನ್ನು ಓದಲೆಂದೇ ಇನ್ಸ್‌ಪೆಕ್ಟರು, ಇಲಾಖೆಗೆ ಜಪಾನಿನ ತಕ್ಕಡಿ ಬರುತ್ತಿದೆ ಎಂದು ಹೆಂಡತಿಗೆ ಬುರುಡೆ ಬಿಟ್ಟು, ಎಂಟು ವರ್ಷ ಆ ಭಾಷೆ ಕಲಿತಿದ್ದರು.

ಯಾಕೆಂದರೆ ಅವರಿಗೆ ಅವು ಇಷ್ಟ. ಅಷ್ಟೇ. ಇಡೀ ದಿನ ಕಳ್ಳ ತೂಕದ ಕಲ್ಲುಗಳ ಜೊತೆ ಗುದ್ದಾಡಿ ಬಂದವರಿಗೆ, ಎಷ್ಟೇ ತಪ್ಪು ತಿಳಿದುಕೊಂಡರೂ ಕೊನೆಗೆ ಒಂದಾಗಿಯೇ ತೀರುವ ಆ ಜೋಡಿಗಳನ್ನು ಕಂಡರೆ ಜೀವಕ್ಕೆ ಹಾಯೆನಿಸುತ್ತಿತ್ತು. ಹೆಂಡತಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ನಕ್ಕರೆ ಸಹಿಸಬಹುದು, ಬಿಟ್ಟು ಹೋದರೆ? ಹತ್ತೊಂಬತ್ತು ವರ್ಷದ ಸಂಸಾರ. ಅವಳಿಲ್ಲದ ಮನೆಯನ್ನು ಅವರು ನೆನೆಸಿಕೊಳ್ಳಲಾರರು.

ಎಳೆಯನ್ನು ಇದ್ದಲ್ಲೇ ಬಿಟ್ಟು ಕಾದರು. ಬೆಳಗ್ಗೆ ಅದು ನೂರ ಎಂಬತ್ತನೆಯ ಪುಟದಲ್ಲಿತ್ತು. ಸಂಜೆ ಬರುವಷ್ಟರಲ್ಲಿ ತೊಂಬತ್ತಕ್ಕೆ ಬಂದಿತ್ತು. ಮರುದಿನ ಹನ್ನೆರಡಕ್ಕೆ. ಓದುವವರು ಮುಂದಕ್ಕೆ ಹೋಗುತ್ತಾರೆ, ಇವರು ಹಿಂದಕ್ಕೆ ಸರಿಯುತ್ತಿದ್ದಾರೆ. ಅಂದರೆ ಇದು ಓದಲ್ಲ, ತನಿಖೆ. ತಾವೂ ಅಂಗಡಿಗಳ ಲೆಕ್ಕವನ್ನು ಹಾಗೆಯೇ ಕೊನೆಯಿಂದ ಕೆದಕುವುದಿತ್ತು.

ಮೂರನೆಯ ದಿನ ಮೊದಲ ಪುಟದ ಮೇಲೆ ಎರಡು ಒದ್ದೆ ಗುರುತು. ಅಡುಗೆಯವನೊಬ್ಬನೂ ಕನ್ನಡಕದ ವಕೀಲನೊಬ್ಬನೂ ರೈಲು ನಿಲ್ದಾಣದಲ್ಲಿ ಡಿಕ್ಕಿ ಹೊಡೆದುಕೊಂಡು ತಮ್ಮ ತಮ್ಮ ದಾರಿ ಹಿಡಿಯುವ ಪುಟ ಅದು. ಅಳಲು ಅಲ್ಲೇನೂ ಇಲ್ಲ. ಅತ್ತೆ ಉಗುಳಿರಬೇಕು.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಅತ್ತೆ ಊಟಕ್ಕೆ ಬಡಿಸುವಾಗ ಒಂದು ಸೌಟು ಹೆಚ್ಚೇ ಹಾಕಿ, ಅಳಿಯನ ಮುಖವನ್ನೇ ದಿಟ್ಟಿಸತೊಡಗಿದರು. ಹೆಂಡತಿ ಕಚೇರಿಗೆ ರಜೆ ಹಾಕಿದಳು. ಮಹಡಿಗೆ ಹೋದರೆ ಹಿಂದೆಯೇ ಬರುತ್ತಿದ್ದಳು, ಸ್ನಾನಕ್ಕೆ ಹೋದರೆ ಬಾಗಿಲ ಹೊರಗಿಂದ ಕೆಮ್ಮುತ್ತಿದ್ದಳು.

“ಅಮ್ಮ ನನಗೆ ಎಲ್ಲಾ ಹೇಳಿದಾಳೆ ರೀ,” ಎಂದಳು ಒಮ್ಮೆ, ಅವರ ಕೈ ಹಿಡಿದುಕೊಂಡು. “ನೀವು ಸುಮ್ನಿರಿ. ಏನು ಮಾಡ್ಬೇಕೋ ನಾವು ಮಾಡ್ತೀವಿ.”

ಇನ್ಸ್‌ಪೆಕ್ಟರಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು: ವಿಚ್ಛೇದನ.

ಭಾನುವಾರ ಊಟವಾದ ಮೇಲೆ ಒಬ್ಬ ಬೋಳುತಲೆಯವರು ಬಂದರು. ದೂರದ ಸಂಬಂಧಿ ಎಂದಳು ಹೆಂಡತಿ. ಸಂಬಂಧಿ ಸಣ್ಣ ಪುಸ್ತಕ ತೆಗೆದು ಪ್ರಶ್ನೆ ಕೇಳತೊಡಗಿದರು. ಮದುವೆಯಾಗಿ ಎಷ್ಟು ವರ್ಷ? ಒಬ್ಬರೇ ಕೂತು ಓದ್ತೀರಂತೆ, ಎಷ್ಟು ದಿನದಿಂದ? ಹೆಂಡತಿ ಹತ್ತಿರ ಯಾಕೆ ಹೇಳ್ಲಿಲ್ಲ? ಎಲ್ಲವನ್ನೂ ಬರೆದುಕೊಂಡರು. ವಕೀಲ, ಸಂಶಯವೇ ಇಲ್ಲ. ಮೇಜಿನ ಮೇಲೆ ಸಾಕ್ಷಿಯಾಗಿ ಏಳನೆಯ ಸಂಪುಟ.

ಇನ್ಸ್‌ಪೆಕ್ಟರು ಎದ್ದು ನಿಂತರು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪೊಪ್ಪಿಗೆ ಬರೆದುಕೊಂಡವರು, ತಮ್ಮದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು.

“ಹೌದು, ಎಲ್ಲಾ ನನ್ನವೇ. ಇಬ್ಬರು ಗಂಡಸರ ಪ್ರೀತಿ ಕಥೆಗಳು. ಓದಿದ್ರೆ ಖುಷಿಯಾಗುತ್ತೆ, ಓದ್ತೀನಿ. ಬೇಕಾದ್ರೆ ಬೀರು ಸಮೇತ ಆಚೆ ಹಾಕಿ. ಇವಳನ್ನ ಮಾತ್ರ ನನ್ನಿಂದ ದೂರ ಮಾಡ್ಬೇಡಿ.”

ಹೆಂಡತಿ ಬೆಪ್ಪಾಗಿ ನೋಡಿದಳು. “ಗಂಡಸರ ಪ್ರೀತಿ ಆದ್ರೇನ್ರೀ? ಅದಕ್ಕೆ ಯಾರು ಬೇಡ ಅಂದ್ರು?”

“ಮತ್ತೆ ಈ ವಕೀಲರು?”

“ನಾನು ಮನಸ್ಸಿನ ಡಾಕ್ಟರು,” ಎಂದರು ಬೋಳುತಲೆಯವರು, ಮೆಲ್ಲಗೆ.

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. “ಬಲ್ಬ್ ಹುಡುಕ್ತಾ ಬೀರು ತೆಗೆದೆ ಅಳಿಯಂದ್ರೆ, ತಪ್ಪಾಯ್ತು. ಭಾಷೆ ಬರಲ್ಲ, ಬರೀ ಚಿತ್ರ ನೋಡಿದೆ. ಅರವತ್ತಮೂರನ್ನೂ ತಿರುವಿ ನೋಡಿದೆ. ಹೊಟ್ಟೆ ಉರಿದುಹೋಯ್ತು. ಆ ಅಡುಗೆಯವನೂ ವಕೀಲನೂ ಶುರುನಲ್ಲಿ ಎಷ್ಟು ಚೆನ್ನಾಗಿದ್ರು! ಒಂದೇ ಮನೆ, ಒಂದೇ ಕೊಡೆ. ಆಮೇಲೆ ಮುತ್ತು ನಿಂತ್ಹೋಯ್ತು, ಕೈ ಹಿಡಿಯೋದು ನಿಂತ್ಹೋಯ್ತು, ಮುಖ ನೋಡೋಕೂ ನಾಚಿಕೆ. ಕೊನೇಲಿ ಸ್ಟೇಷನ್ನಲ್ಲಿ ಎದುರಿಗೆ ಸಿಕ್ಕಿದ್ರೂ ಪರಿಚಯಾನೇ ಇಲ್ಲದೋರ ಹಾಗೆ ಹೊರಟೋದ್ರು! ಒಂದಾದ್ರೂ ಜೋಡಿ ಉಳೀಬಾರದಾ? ಇಂಥದ್ದನ್ನ ಇಷ್ಟು ವರ್ಷ ಒಬ್ಬರೇ ಕೂತು ಓದಿ, ಖುಷಿಯಾಗುತ್ತೆ ಅಂತೀರಲ್ಲ, ನಿಮ್ಮ ಮನಸ್ಸಿಗೆ ಅದೆಂಥ ನೋವಿರ್ಬೇಕು?”

ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ಸ್‌ಪೆಕ್ಟರು ಏಳನೆಯ ಸಂಪುಟವನ್ನು ಎತ್ತಿಕೊಂಡು, ತಾವೇ ಬರೆದ ಹಣೆಪಟ್ಟಿ ಕೆಳಗಾಗುವಂತೆ ಮಗುಚಿ, ಅತ್ತೆಯ ಮಡಿಲಲ್ಲಿಟ್ಟರು.

“ಇಲ್ಲಿಂದ ಶುರು ಮಾಡಿ ಅತ್ತೆ. ಜಪಾನಿನೋರು ಬಲಗಡೆಯಿಂದ ಎಡಕ್ಕೆ ಓದ್ತಾರೆ.”