ತೆಳು ತಲೆಯ ಎಂಟು ಬೋಲ್ಟು

“ಇದನ್ನ ಹಾಕಿದಾವ ಪಾನಾ ಹಿಡಿಯಾಕ ಲಾಯಕ್ ಇಲ್ಲ,” ಎಂದು ಗವಿಸಿದ್ದೇಶ ಫೋನನ್ನು ಬಾಯಿಗೆ ಹಿಡಿದು ಹೇಳಿದ. “ಅಂವಾ ಯಾರಂತ ಗೊತ್ತಾದ ದಿನ ಅವನ ಗ್ಯಾರೇಜಿನ ಬಾಗಲಾ ನಾನs ಹಾಕಸ್ತೀನಿ.”

ಮಾತು ಗದಗ-ಬೆಟಗೇರಿಯ ನೂರಾ ಹನ್ನೆರಡು ಗ್ಯಾರೇಜು ಮಿಸ್ತ್ರಿಗಳ ವಾಟ್ಸಾಪ್ ಗುಂಪಿಗೆ ಹೋಯಿತು. ಜೊತೆಗೆ ಒಂದು ಫೋಟೊ: ಎಂಜಿನ್ನಿನ ಹಿಂಭಾಗದಲ್ಲಿ ಕೂರುವ ಭಾರದ ಚಕ್ರ, ಫ್ಲೈವೀಲು, ಮತ್ತು ಅದನ್ನು ಬಿಗಿದಿದ್ದ ಎಂಟು ಬೋಲ್ಟು. ಗವಿಸಿದ್ದೇಶನಿಗೆ ಮೈಯೆಲ್ಲ ಹಗುರಾಯಿತು. ಸಿಟ್ಟನ್ನು ಹಂಚಿಕೊಂಡರೆ ಅವನಿಗೆ ಯಾವಾಗಲೂ ಹಾಗೇ.

ಕಾರು ನೀಲಾಳದು. ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಿದ್ದ ಅವಳು ವರ್ಷಕ್ಕೆರಡು ಸಲ ಮಣ್ಣಿನ ರೇಸಿಗೆ ಇಳಿಯುತ್ತಿದ್ದಳು. ಬರುವ ಭಾನುವಾರ ಲಕ್ಷ್ಮೇಶ್ವರದ ಆಚೆ ರೇಸಿತ್ತು. ಹಳೆಯ ರೇಸ್ ಕ್ಲಚ್ಚು ಸವೆದಿದ್ದರಿಂದ ಅದೇ ಕಂಪನಿಯ ಹೊಸದನ್ನು ತಂದಿದ್ದಳು. ಗೇರ್‌ಬಾಕ್ಸು ಇಳಿಸಿ, ಹಳೆಯ ಕ್ಲಚ್ಚು ಬಿಚ್ಚಿದಾಗ ಈ ಬೋಲ್ಟುಗಳು ಕಂಡವು.

ಈ ಕಾರಿಗೆ ಕಂಪನಿ ಕೊಡುವ ಬೋಲ್ಟಿನ ತಲೆ ದಪ್ಪ. ಇವುಗಳ ತಲೆಯೋ ಎರಡು ರೂಪಾಯಿ ನಾಣ್ಯ ಅಂಟಿಸಿದಷ್ಟು. ಬೇರೆ ಯಾವುದೋ ಗಾಡಿಯವು. ಪ್ರತಿ ತಲೆಯಿಂದ ಚಕ್ರದ ಮೇಲಕ್ಕೆ ಕೆಂಪು ಉಗುರುಬಣ್ಣದ ಒಂದು ಗೆರೆ. ಬೋಲ್ಟು ಸಡಿಲಾದರೆ ಗೆರೆ ತಪ್ಪುತ್ತದೆ, ಕೂಡಲೇ ಗೊತ್ತಾಗುತ್ತದೆ. ಹೆಂಡತಿಯ ಬಾಟಲಿ ಖಾಲಿ ಮಾಡಿ ಗವಿಸಿದ್ದೇಶನೇ ಬೆಟಗೇರಿಗೆ ತಂದ ಪದ್ಧತಿ ಅದು. ಅದನ್ನು ಕಲಿತಿದ್ದ ಇನ್ನೊಬ್ಬನೆಂದರೆ ಹುಲಿಗೇಶ. ಇಲ್ಲೇ ಎರಡು ವರ್ಷ ಕೆಲಸ ಮಾಡಿ, ಹೋದ ದೀಪಾವಳಿಗೆ ಎದುರಿಗೇ ಗ್ಯಾರೇಜು ತೆರೆದವನು.

“ನಮ್ಮ ಉಡಚಪ್ಪ ಮಾವ ಮಾಡಿಸಿದ್ದರಿ ಇದು. ನಾ ಗಾಡಿ ತೊಗೊಳ್ಳೂಕ್ಕಿಂತ ಮೊದಲ,” ಎಂದಳು ನೀಲಾ. “ಫೋನ್ ಮಾಡಿ ಕೇಳ್ಲೇನ್ರಿ, ಯಾರ ಕಡೆ ಅಂತ?”

“ಕೇಳೂದೇನೂ ಬ್ಯಾಡ ತಂಗಿ. ಈ ಕೈ ನನಗ ಗುರ್ತ ಐತಿ.”

ಸಂಜೆ ಹುಲಿಗೇಶನೇ ರಸ್ತೆ ದಾಟಿ ಬಂದ. ಬೋಲ್ಟುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದ.

“ನನ್ನ ಕೆಲಸ ಅಲ್ಲ ಅಣ್ಣಾ. ಆದ್ರ ಮಾಡಿದಾವ ದಡ್ಡ ಅಲ್ಲ. ಇವನ್ನ ಒಗೀಬ್ಯಾಡ್ರಿ.”

“ನನಗ ಕಲಸಾಕ ಬರಬ್ಯಾಡಲೇ,” ಎಂದ ಗವಿಸಿದ್ದೇಶ.

ಮರುದಿನ ಹುಲಿಗೇಶನ ಗ್ಯಾರೇಜಿನಿಂದ ಇಬ್ಬರು ಗಿರಾಕಿಗಳು ಗಾಡಿ ಹಿಂದಕ್ಕೆ ಒಯ್ದರು. ಗುಂಪಿನಲ್ಲಿ ಯಾರೂ ಹೆಸರು ಹೇಳಿರಲಿಲ್ಲ. ಆದರೆ ಗವಿಸಿದ್ದೇಶ ಯಾರನ್ನು ಬಯ್ಯುತ್ತಿದ್ದಾನೆಂದು ತಿಳಿಯದಷ್ಟು ಪೆದ್ದರು ಬೆಟಗೇರಿಯಲ್ಲಿಲ್ಲ.

ಗವಿಸಿದ್ದೇಶ ಹುಬ್ಬಳ್ಳಿಯಿಂದ ಕಂಪನಿಯ ಬೋಲ್ಟು ತರಿಸಿದ, ಎಂಟು ಬೇಕಾದಲ್ಲಿ ಇಪ್ಪತ್ತು. ಅವನ್ನು ಪತ್ತಾರನ ಅಂಗಡಿಗೆ ಒಯ್ದು ಬಂಗಾರದ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿಸಿದ. ಅಷ್ಟು ಜೋರಾಗಿ ತಿರುಗುವ ಚಕ್ರದಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇರಬಾರದೆಂದು ಅವನ ಹಟ. ಮಗಳ ಮದುವೆಗೆ ಸರ ನೋಡಲು ಬಂದವರು ಬದಿಗೆ ನಿಂತು ಕಾದರು. ಸರಿತೂಕದ ಎಂಟನ್ನು ಆರಿಸಿ, ಬೋಲ್ಟಿನ ತಿರುಪಿಗೆ ಅಂಟು ಹಚ್ಚಿ, ಟಾರ್ಕ್ ಪಾನಾ ಕಟ್ ಎನ್ನುವವರೆಗೆ ಬಿಗಿದು, ಮತ್ತೊಂದು ಫೋಟೊ ಕಳಿಸಿದ. ನಲವತ್ತು ಹೆಬ್ಬೆರಳುಗಳು ಬಂದವು.

ಶನಿವಾರ ಮಧ್ಯಾಹ್ನ ಹೊಸ ಕ್ಲಚ್ ಪ್ಲೇಟನ್ನು ಚಕ್ರದ ಮೇಲಿಟ್ಟು ಕೈಯಿಂದ ತಿರುಗಿಸಿದ. ಕರ್ರ್ ಎಂದಿತು. ಎತ್ತಿ ನೋಡಿ, ಮತ್ತೆ ಇಟ್ಟು ತಿರುಗಿಸಿದ. ಮತ್ತೆ ಕರ್ರ್. ಪ್ಲೇಟಿನ ನಡುವಿನ ಸ್ಪ್ರಿಂಗುಗಳು ಬೋಲ್ಟಿನ ದಪ್ಪ ತಲೆಗಳಿಗೆ ತಾಗುತ್ತಿದ್ದವು.

ಗವಿಸಿದ್ದೇಶ ಅಲ್ಲೇ ಟೈರಿನ ಮೇಲೆ ಕುಳಿತ. ಈ ಜಾತಿಯ ಕ್ಲಚ್ಚಿಗೆ ತೆಳು ತಲೆಯ ಬೋಲ್ಟೇ ಬೇಕು. ಅದಕ್ಕೇ ಆ ಪುಣ್ಯಾತ್ಮ ಹುಡುಕಾಡಿ ಬೇರೆ ಗಾಡಿಯವನ್ನು ತಂದು ಹಾಕಿದ್ದ. ಬೋಲ್ಟುಗಳನ್ನು ಬಂಗಾರದ ತಕ್ಕಡಿಯಲ್ಲಿ ತೂಗಿದ ಮಹಾಶಯನಿಗೆ ಮೊದಲು ಪ್ಲೇಟು ಇಟ್ಟು ನೋಡುವ ಬುದ್ಧಿ ಬರಲಿಲ್ಲ. ಇಪ್ಪತ್ತು ವರ್ಷದ ಅನುಭವ ಬೇರೆ. ಅವನಿಗೆ ತನ್ನ ಮೇಲೆಯೇ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಹಳೆಯವನ್ನು ಮತ್ತೆ ಹಾಕುವಂತಿಲ್ಲ, ಒಮ್ಮೆ ಬಿಗಿದರೆ ಅವು ಹಿಗ್ಗಿಬಿಡುತ್ತವೆ. ಅಂಥವೇ ಹೊಸವು ಬೇಕು, ಅದೂ ಇವತ್ತೇ. ಇಲ್ಲದಿದ್ದರೆ ನೀಲಾಳ ರೇಸು ಹೋದಂತೆ.

ಅವನು ರಸ್ತೆ ದಾಟಿದ. ಹುಲಿಗೇಶನ ಗ್ಯಾರೇಜಿನಲ್ಲಿ ಒಂದೂ ಗಾಡಿ ಇರಲಿಲ್ಲ.

“ತಪ್ಪಾತಪಾ,” ಎಂದ. “ಆ ಬೋಲ್ಟ್ ಯಾವ ಗಾಡೀವು? ಎಲ್ಲಿ ತಂದಿ?”

“ನಂದಲ್ಲ ಅಂತ ಅವತ್ತs ಹೇಳೀನಲ್ರಿ ಅಣ್ಣಾ. ಇಂಥಾ ಕ್ಲಚ್ ನಾ ಒಮ್ಮೀನೂ ಕಟ್ಟಿಲ್ಲ.”

ಸುಳ್ಳು ಹೇಳುವ ಮುಖವಲ್ಲ ಅದು. ಗವಿಸಿದ್ದೇಶ ಅವನ ಕೈ ಹಿಡಿದು ತನ್ನ ಗ್ಯಾರೇಜಿಗೆ ಕರೆತಂದ. ನೀಲಾ ಬಂದು ಕಾಯುತ್ತಿದ್ದಳು.

“ತಂಗಿ, ನಿಮ್ಮ ಮಾವಗ ಫೋನ್ ಹಚ್ಚು. ಆ ಮಿಸ್ತ್ರಿ ಯಾರ ಇರಲಿ, ಎಲ್ಲೆ ಇರಲಿ, ಇವನ ಮುಂದ ಹೇಳ್ತೀನಿ, ಹೋಗಿ ಅವನ ಕಾಲಿಗೆ ಬೀಳ್ತೀನಿ. ನಾ ಕತ್ತೆ. ಅಂವಾ ಗುರು.”

ನೀಲಾ ಹಮ್ಮಿಗಿಯಲ್ಲಿದ್ದ ಮಾವನಿಗೆ ಫೋನು ಹಚ್ಚಿ, ಗಾಡಿ ಯಾರ ಕಡೆ ಒಯ್ದಿದ್ದಿರೆಂದು ಕೇಳಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಉಡಚಪ್ಪನ ದನಿ ದೊಡ್ಡದು.

“ಗಾಡಿ ಒಯ್ದಿರಲಿಲ್ಲವ್ವಾ, ಬರೇ ಎಂಜಿನ್ ಟೆಂಪೋದಾಗ ಹೇರಿ ಬೆಟಗೇರಿಗೆ ಕಳಿಸಿದ್ದೆ. ಹತ್ತು ವರ್ಷದ ಮ್ಯಾಲಾತು. ಗವಿಸಿದ್ದೇಶ ಅಂತ ಒಬ್ಬಾಂವ ಮಾಡಿಕೊಟ್ಟ. ಆಗ ಭಾಳ ಶಾಣ್ಯಾ ಇದ್ದ, ಈಗ ಹ್ಯಾಂಗ ಅದಾನೋ ಗೊತ್ತಿಲ್ಲ.”