ಚೌತಿಯ ದಿನ ಕೊಂಡ ದುರ್ಬೀನು

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ವಾಸನೆ ಬಂದರೆ ಸಾಕು, ಏನೂ ತಪ್ಪು ಮಾಡದಿದ್ದರೂ ನಾನು ಈಗಲೂ ಒಂದು ಸಮಜಾಯಿಷಿ ಸಿದ್ಧಮಾಡಿಕೊಳ್ಳುತ್ತೇನೆ.

ಪುಣೆಯಲ್ಲಿ ಆಗ ಬ್ರಿಟಿಷರಿದ್ದರು. ವಿಲಾಯತಿಗೆ ಮರಳಿದ ದೊರೆಯೊಬ್ಬನ ಸಾಮಾನಿನಲ್ಲಿದ್ದ, ನನಗಿಂತ ಉದ್ದದ ಹಿತ್ತಾಳೆಯ ದುರ್ಬೀನನ್ನು ಕಾಕಾ ಜುನಾ ಬಜಾರದಲ್ಲಿ ಕೊಂಡರು. ಟಾಂಗಾದಲ್ಲಿ ಅದನ್ನು ಮಡಿಲಲ್ಲಿ ಅಡ್ಡ ಹಿಡಿದು, ಯಾರಿಗಾದರೂ ತಾಗೀತೆಂದು ದಾರಿಯುದ್ದಕ್ಕೂ ಹೆದರಿದವಳು ನಾನು. ಮಧ್ಯಾಹ್ನವೆಲ್ಲ ಕೂತು ತಿಕ್ಕಿದವಳೂ ನಾನೇ.

"ಇದರಾಗ ಚಂದ್ರನ್ನ ಮೊದಲ ನೀನ ನೋಡಬೇಕು. ಆದ್ರ ಇವತ್ತ ಗಣಪ್ಪನ ಚೌತಿ, ನಾಳೆ ನೋಡೋಣು," ಎಂದರು ಕಾಕಾ.

"ಇವತ್ತ ಚಂದ್ರನ್ನ ನೋಡಿದವರಿಗೆ ಸುಳ್ಳ ಅಪವಾದ ಬರ್ತದ," ಎಂದಳು ಅಜ್ಜಿ.

ಸಂಜೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ, ಚಂದ್ರ ಕಂಡಾನೆಂದು ತಲೆ ತಗ್ಗಿಸಿಕೊಂಡೇ. ಕಾಕಾ ದುರ್ಬೀನನ್ನು ಪಡುವಣಕ್ಕೆ ತಿರುಗಿಸಿ ಕಣ್ಣಿಟ್ಟಿದ್ದರು. ನನ್ನ ಬಳೆ ಸದ್ದಿಗೆ ಬೆಚ್ಚಿ ಕೈಬಿಟ್ಟರು. ಅದು ಬಿದ್ದು ಮುಂದಿನ ಗಾಜು ಒಡೆಯಿತು.

ಅಜ್ಜಿ ಮೇಲೆ ಬಂದಾಗ ಕಾಕಾ, "ಈಕಿ ಕೆಡವಿದ್ಳವ್ವಾ," ಎಂದರು.

"ನಾ ಅಲ್ಲ ಅಜ್ಜಿ, ಸುಳ್ಳ ಅದು," ಎಂದೆ.

"ಸುಳ್ಳ ಅಪವಾದ ಬಂತಂದ್ರ ನೀ ಚಂದ್ರನ್ನ ನೋಡಿರಬೇಕಲ್ಲ?" ಎಂದಳು ಅಜ್ಜಿ.

ನಾನು ಕಾಕಾರ ಮುಖ ನೋಡಿದೆ. ಅವರು ಗಾಜಿನ ಚೂರು ಆರಿಸುತ್ತ, "ನೋಡ್ಯಾಳ. ನಾನ ಕಂಡೇನಿ," ಎಂದರು.

ಊಟಕ್ಕೆ ಕೂತಾಗ ಕಾಕಾ ತಮ್ಮ ಪಾಲಿನ ಎರಡು ಮೋದಕಗಳನ್ನು ನನ್ನ ಎಲೆಗೆ ಹಾಕಿದರು. ನಾನು ಅಳುತ್ತಲೇ ತಿನ್ನತೊಡಗಿದೆ.

"ತುಪ್ಪ ಬೇಕೇನ ತಂಗಿ?" ಎಂದು ಕೇಳಿದರು.

ಬೇಕು ಎಂದೆ.