ಬೈದು ಹೆರಿಸಿದ ಕೂಸು

ಹೊಟ್ಟೆಯೊಳಗಿನ ಕೂಸಿನ ಜೊತೆ ಮಾತಾಡುವ ಕೊಳವೆ ಬಂದ ಮೇಲೆ ಹೆರಿಗೆ ವಾರ್ಡಿನ ನರ್ಸ್ ಆದ ನನಗೆ ನೆಮ್ಮದಿ ಇಲ್ಲ. 'ನೋವು ಶುರುವಾದ ಮೇಲೆ ಕೂಸನ್ನು ಕರೆಯಬಾರದು' ಎಂದು ಬಾಗಿಲ ಮೇಲೇ ಬರೆಸಿದ್ದೇನೆ. ಯಾರು ಓದುತ್ತಾರೆ?

ಇವತ್ತು ಹೆರಿಗೆಗೆ ಬಂದ ಸುವರ್ಣಾಳ ತಾಯಿ ನಿಂಗವ್ವ ಕೊಳವೆ ಹಿಡಿದು, "ಬಾ ನನ್ನ ಬಂಗಾರ" ಅಂದೇಬಿಟ್ಟಳು. ಒಂಬತ್ತು ತಿಂಗಳು ದಿನಾ ಮುದ್ದು ಮಾಡಿದ ದನಿ. ಆ ದನಿ ಬಂದ ಕಡೆ ನೋಡಲು ಕೂಸು ಒಳಗೇ ಗದ್ದ ಎತ್ತಿತು. ನೆತ್ತಿ ಸಿಗಬೇಕಾದಲ್ಲಿ ಪರೀಕ್ಷೆ ಮಾಡುತ್ತಿದ್ದ ನನ್ನ ಬೆರಳಿಗೆ ಬಾಯಿ ಸಿಕ್ಕಿತು. ಹೀಗೇ ಹುಟ್ಟಿದರೆ ಕುತ್ತಿಗೆಗೆ ಪೆಟ್ಟು.

"ಬೈರಿ ಅದಕ್ಕ!" ಎಂದೆ. "ಬೈದ್ರ ತಲಿ ತಗ್ಗಸತೈತಿ."

"ಹೆಂಗ ಬೈಲಿ ಸಿಸ್ಟರ್? ಇನ್ನೂ ಹುಟ್ಟೇ ಇಲ್ಲ."

"ನಾ ಬೈದ್ರ ಕೇಳಂಗಿಲ್ಲ. ಗುರುತಿನ ದನೀನ ಬೇಕು. ಲಗೂ!"

ನಿಂಗವ್ವ ಕಣ್ಣು ಮುಚ್ಚಿಕೊಂಡಳು. "ಯಾಕ ಬಂದಿ? ಯಾರಿಗೆ ಬೇಕಾಗಿದ್ದಿ ನೀ?" ಅಷ್ಟು ಬೈಯಿರಿ ಎಂದು ನಾನು ಹೇಳಿರಲಿಲ್ಲ. ಬೆರಳಡಿ ಬಾಯಿ ಮೆಲ್ಲಗೆ ಸರಿದು ನೆತ್ತಿ ಬಂತು.

ಹೆಣ್ಣುಕೂಸು. ಮೈಮೇಲೆ ಒಂದು ಗಾಯವೂ ಇಲ್ಲ. ಯಾರು ಮಾತಾಡಿಸಿದರೂ ಅವರತ್ತ ಮುಖ ಹೊರಳಿಸುತ್ತದೆ. ನಿಂಗವ್ವ "ಬಂಗಾರಾ" ಎಂದಾಗ ಮಾತ್ರ ತಲೆ ತಗ್ಗಿಸಿ ಗದ್ದವನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತದೆ.